ಮೈದುನನ ಬೆನ್ನ ಹಿಂದಿನ ತೋಟ

"ಸ್ಟುಡಿಯೋ ಯಾಕೆ ಅತ್ತೆ? ನಾನಿಲ್ವಾ!"

ಈ ನಾಲ್ಕು ಪದಗಳನ್ನು ಅಂದು ಬೆಳಿಗ್ಗೆ ನೀರುದೋಸೆಯ ಜೊತೆ ನುಂಗಿಬಿಟ್ಟಿದ್ದರೆ ಸಾಕಿತ್ತು. ನರಿಮೊಗರಿನ ನಮ್ಮ ಮನೆಯಲ್ಲಿ ಶಾಂತಿ ನೆಲೆಸಿರುತ್ತಿತ್ತು. ಪಕ್ಕದ ತೋಟದ ಸಲಾಂ ಅವರ ಕತ್ತು ಉಳುಕುತ್ತಿರಲಿಲ್ಲ. ಆದರೆ ಮೈಸೂರಿನಲ್ಲಿ ಓದಿದವಳು ನಾನು! ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟದಲ್ಲಿ ಪ್ರಿನ್ಸಿಪಾಲರನ್ನು ಹಿಮಾಲಯದ ಮುಂದೆ ನಿಲ್ಲಿಸಿ ಭೇಷ್ ಅನ್ನಿಸಿಕೊಂಡವಳು! ಫೋಟೋದಲ್ಲಿ ಒಬ್ಬ ಮೈದುನನ ಹಿಂದಿನಿಂದ ನಾಲ್ಕು ನೀರಿನ ನಳ್ಳಿಗಳನ್ನು ತೆಗೆಯಲಾರೆನೇ?

ಮೈದುನನ ಹೆಸರು ತೀರ್ಥರಾಮ. ವಯಸ್ಸು ಮೂವತ್ತನಾಲ್ಕು. ನನ್ನ ಗಂಡ ಜಯಪ್ರಕಾಶ್ ಪುತ್ತೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿರುವುದರಿಂದ ಅಡಿಕೆ ತೋಟವೆಲ್ಲ ಈ ತಮ್ಮನ ತಲೆಯ ಮೇಲೆ. ಮಾತು ಕಡಿಮೆ, ಕೆಲಸ ಹೆಚ್ಚು, ಚಟ ಶೂನ್ಯ. ಇಂಥ ಚಿನ್ನದಂಥ ಹುಡುಗನ ಜಾತಕ ಹನ್ನೊಂದು ಕಡೆ ಹೋಗಿ ಹನ್ನೊಂದು ಕಡೆಯಿಂದಲೂ ಮರಳಿ ಬಂದಿತ್ತು. ಎಲ್ಲರದ್ದೂ ಒಂದೇ ಉತ್ತರ: "ಹುಡುಗ ಒಳ್ಳೆಯವನೇ. ಆದ್ರೆ ತೋಟದಲ್ಲಿ ಇರುದಲ್ವಾ..." ಆ "ತೋಟದಲ್ಲಿ ಇರುದಲ್ವಾ" ಎನ್ನುವುದನ್ನು "ಜೈಲಿನಲ್ಲಿ ಇರುದಲ್ವಾ" ಎನ್ನುವ ಧಾಟಿಯಲ್ಲೇ ಹೇಳುತ್ತಿದ್ದರು. ಒಂಬತ್ತನೆಯ ಉತ್ತರ ಬಂದ ಮೇಲೆ ತೀರ್ಥರಾಮ ಗಡ್ಡ ತೆಗೆಯುವುದನ್ನು ಬಿಟ್ಟ. ಹನ್ನೊಂದನೆಯದು ಬಂದ ಮೇಲೆ ನೆಂಟರ ಮದುವೆಗಳಿಗೆ ಹೋಗುವುದನ್ನೇ ಬಿಟ್ಟ.

ಹನ್ನೆರಡನೆಯ ಸಂಬಂಧ ಸುಳ್ಯದ ಆಚೆಯದ್ದು. ಹುಡುಗಿ ನಿಶ್ಮಿತಾ, ಸಹಕಾರಿ ಸಂಘದಲ್ಲಿ ಗುಮಾಸ್ತೆ. "ನಂಗೆ ತೋಟದ ಹುಡುಗ ಆದ್ರೂ ಅಡ್ಡಿ ಇಲ್ಲ" ಎಂದು ಆ ಹುಡುಗಿಯೇ ಬಾಯಿಬಿಟ್ಟು ಹೇಳಿದ್ದಾಳಂತೆ! ಈ ಸುದ್ದಿ ಕೇಳಿ ನಮ್ಮ ಅತ್ತೆ ದೇವಮ್ಮ ಮಧ್ಯಾಹ್ನ ಹನ್ನೆರಡಕ್ಕೇ ದೇವರಿಗೆ ದೀಪ ಹಚ್ಚಿದರು. ಹುಡುಗಿಯ ತಂದೆ ಕುಕ್ಕಪ್ಪನವರು ಕೇಳಿದ್ದು ಒಂದೇ: "ಹುಡುಗನ ಒಂದು ಫೋಟೋ ಕಳಿಸಿ."

ಫೋಟೋ! ಮನೆಯ ಎಲ್ಲ ಫೋನುಗಳನ್ನು ತಡಕಿದೆವು. ತೀರ್ಥರಾಮ ಕ್ಯಾಮೆರಾ ಕಂಡರೆ ಗರಗಸ ಕಂಡ ಮರದಂತೆ ನಿಲ್ಲುವವ. ಕಡೆಗೆ ಸಿಕ್ಕಿದ್ದು ಒಂದೇ ಒಂದು ನಗು. ಮೂರು ವರ್ಷದ ಹಿಂದೆ ಪುತ್ತೂರಿನ ಹಾಲ್ ಒಂದರಲ್ಲಿ ನಡೆದ ಸೋದರತ್ತೆಯ ಮಗನ ಮದುವೆಯಲ್ಲಿ, ಎರಡನೆಯ ಹೋಳಿಗೆ ಮುಗಿಸಿ ಎದ್ದ ಕ್ಷಣದಲ್ಲಿ ತೆಗೆದದ್ದು. ನಗು ಸೊಗಸಾಗಿತ್ತು. ಆದರೆ ಬೆನ್ನ ಹಿಂದೆ ಕೈತೊಳೆಯುವ ನಳ್ಳಿಗಳ ಸಾಲು. ಮಗ್ಗುಲಲ್ಲಿ ದೊಡ್ಡಪ್ಪ, ಒಂದು ಕೈ ಇವನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಹಲ್ಲಿನ ಕಡ್ಡಿ.

"ಇದನ್ನು ಕಳಿಸಿದ್ರೆ ಹನ್ನೆರಡನೆಯದ್ದೂ ಹೋಯ್ತು" ಎಂದರು ಜಯಪ್ರಕಾಶ್. "ಪುತ್ತೂರಿನ ಸ್ಟುಡಿಯೋಕ್ಕೆ ಹೋಗಿ ಒಂದು ತೆಗೆಸುವ."

"ನಳ್ಳಿ ಇದ್ರೆ ಎಂತ? ಊಟ ಆದ್ಮೇಲೆ ಕೈ ತೊಳೆಯುವ ಹುಡುಗ ಅಂತ ಆದ್ರೂ ಗೊತ್ತಾಗ್ಲಿ" ಎಂದರು ಅತ್ತೆ.

ತೀರ್ಥರಾಮ ಹೊರಗೆ ಹೊರಟಿದ್ದವನು ಬಾಗಿಲಲ್ಲಿ ನಿಂತ. "ಸ್ಟುಡಿಯೋಕ್ಕೆ ನಾನು ಬರುದಿಲ್ಲ. ಇದ್ದದ್ದು ಕಳಿಸಿ. ಇದೇ ಕಡೇದು ಅತ್ತಿಗೆ. ಇದು ಆಗದಿದ್ರೆ ಇನ್ನು ಮದುವೆ ಸುದ್ದಿ ನನ್ನ ಹತ್ರ ಎತ್ಬೇಡಿ."

ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಈ ಮನೆಗೆ ಬಂದ ಐದು ವರ್ಷದಲ್ಲಿ ಕೇಳಿರಲಿಲ್ಲ. ಎದೆ ಧಸಕ್ಕೆಂದಿತು. ಆ ಧಸಕ್ಕಿನಲ್ಲೇ ನನ್ನ ಬಾಯಿಂದ ಆ ನಾಲ್ಕು ಪದಗಳು ಉದುರಿದ್ದು.

ನನ್ನದು ಆತಂಕದ ತಳಿ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಮಗಳು ಯಶಸ್ವಿ ಸೀನಿದರೆ ನನಗೆ ನ್ಯುಮೋನಿಯಾ ಕಾಣುತ್ತದೆ. ಅಂಗಡಿಯ ಸಾಮಾನಿಗೆ ಹಾಸನಕ್ಕೆ ಹೋಗಿ ಬರುವ ಜಯಪ್ರಕಾಶ್ ಅರ್ಧ ಗಂಟೆ ಫೋನ್ ಎತ್ತದಿದ್ದರೆ ಗುಂಡ್ಯದ ಘಾಟಿ ತಿರುವಿನಲ್ಲಿ ಆಂಬುಲೆನ್ಸ್ ಕಾಣುತ್ತದೆ. ಹುಟ್ಟಿದ ವಾರದಲ್ಲಿ ಮಗುವಿಗೆ ಸ್ವಲ್ಪ ಕಾಮಾಲೆ ಇತ್ತು. ಅದು ಹೋಗಿ ಎರಡು ವರ್ಷವಾದರೂ ಇವತ್ತಿಗೂ ದಿನಕ್ಕೆ ಆರು ಸಲ ಅವಳ ರೆಪ್ಪೆ ಎಳೆದು ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತೇನೆ. ಹಳದಿಯ ವಿಷಯದಲ್ಲಿ ಇಷ್ಟು ಜಾಗರೂಕಳಾದವಳು ಎಲ್ಲಿ ಎಡವಿದಳು ಎಂಬುದೇ ಈ ಕಥೆ.

ಬೆಳಿಗ್ಗೆ ಹತ್ತಕ್ಕೆ ಕಾರ್ಯಾರಂಭ. ತೊಡೆಯ ಮೇಲೆ ಮಗಳು, ಕೈಯಲ್ಲಿ ಫೋನು. ಆ್ಯಪ್‌ನಲ್ಲಿ 'ಹಿನ್ನೆಲೆ ಅಳಿಸು' ಒತ್ತಿದ್ದೇ ತಡ, ನಳ್ಳಿ ಮಾಯ! ದೊಡ್ಡಪ್ಪ ಮಾಯ! ಜೊತೆಗೆ ತೀರ್ಥರಾಮನ ಎಡಕಿವಿಯೂ ಮಾಯ! ಬೆವರೊರೆಸಿಕೊಂಡು ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ಕಿವಿಯನ್ನು ಮರಳಿ ಪಡೆದೆ. ಅಷ್ಟರಲ್ಲಿ ಯಶಸ್ವಿ ಪರದೆಗೆ ಬೆರಳಿಟ್ಟಳು. ಚಿಕ್ಕಪ್ಪ ತಲೆಕೆಳಗಾದ. ನೆಟ್ಟಗೆ ಮಾಡಿದೆ. ಚರ್ಮ ನುಣುಪು ಮಾಡುವ ಗುಂಡಿ ಕಂಡಿತು, ಒತ್ತಿದೆ. ಮೂವತ್ತನಾಲ್ಕರ ಹುಡುಗ ಇಪ್ಪತ್ತೆರಡಕ್ಕೆ ಇಳಿದ. ಇಳಿಯಲಿ, ಯಾರಿಗೆ ನಷ್ಟ?

ಇನ್ನು ಹಿಂದೆ ಏನು ಹಾಕುವುದು? ತೋಟದ ಹುಡುಗ ಆಗಬಹುದು ಎಂದ ಹುಡುಗಿಯಲ್ಲವೇ, ತೋಟವೇ ಇರಲಿ! ನಮ್ಮದೇ ತೋಟದ ಚಿತ್ರ ತೆಗೆಯೋಣವೆಂದರೆ ಅಲ್ಲಿ ಪೈಪು, ಡ್ರಮ್ಮು, ಗೋಣಿ, ಸೋಗೆಯ ರಾಶಿ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಸಿಕ್ಕಿತು ನೋಡಿ ಒಂದು ನಂದನವನ! ಸಾಲು ಸಾಲು ಅಡಿಕೆ ಮರ, ನಡುವೆ ಸೂರ್ಯನ ಕೋಲುಗಳು. ತೀರ್ಥರಾಮನನ್ನು ಒಯ್ದು ಅದರ ಮುಂದೆ ನಿಲ್ಲಿಸಿದೆ. ಮುಖದ ಮೇಲೆ ಹಾಲ್‌ನ ಬಲ್ಬಿನ ಹಳದಿ ಬೆಳಕು, ಹಿಂದೆ ಹಸಿರು. ಅಂಟಿಸಿದ್ದು ಎಂದು ಕುರುಡನಿಗೂ ಗೊತ್ತಾಗುವಂತಿತ್ತು. ಅದಕ್ಕೂ ಮದ್ದಿತ್ತು: 'ಸಂಜೆಯ ಹೊನ್ನು' ಎಂಬ ಫಿಲ್ಟರ್. ಪಟ್ಟನೆ ಒತ್ತಿದೆ. ಆಹಾ! ಮುಖ, ಮರ, ಗರಿ, ಗಾಳಿ ಎಲ್ಲವೂ ಒಂದೇ ಬಣ್ಣಕ್ಕೆ ಬಂದು ತೋಟಕ್ಕೆ ತೋಟವೇ ಬಂಗಾರವಾಗಿ ಹೊಳೆಯಿತು.

ಅತ್ತೆಗೆ ತೋರಿಸಿದೆ. ಕನ್ನಡಕವಿಲ್ಲದೆ ಫೋನನ್ನು ಮೊಳದುದ್ದ ದೂರ ಹಿಡಿದು ನೋಡಿದರು. "ಅಯ್ಯೋ, ನನ್ನ ಮಗ ಎಷ್ಟು ಚಂದ ಕಾಣ್ತಾನೆ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡಸರಿಬ್ಬರೂ ಮನೆಯಲ್ಲಿರಲಿಲ್ಲ. ಅತ್ತೆಯ ಫೋನಿನಿಂದಲೇ ಕುಕ್ಕಪ್ಪನವರಿಗೆ ಕಳಿಸಿಬಿಟ್ಟೆ.

ಆಮೇಲೆ ಅರ್ಥವಾದ ಸತ್ಯ ಇದು: ಫೋಟೋದಲ್ಲಿ ಹುಡುಗನ ತಾಯಿ ಹುಡುಗನನ್ನು ನೋಡುತ್ತಾಳೆ. ಅಡಿಕೆ ಬೆಳೆದ ಹುಡುಗಿಯ ತಂದೆ ಮರವನ್ನು ನೋಡುತ್ತಾನೆ.

ಮಧ್ಯಾಹ್ನ ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಿತ್ತು. ಸಂಜೆಯವರೆಗೆ ಉತ್ತರವಿಲ್ಲ. ನಾನು ಹದಿನೇಳು ಸಲ ಫೋನ್ ನೋಡಿದೆ, ಒಂದು ಸಲ ಹಾಲು ಉಕ್ಕಿಸಿದೆ, ಎರಡು ಸಲ ಸಾರಿಗೆ ಉಪ್ಪು ಹಾಕಿದೆ. ಐದೂವರೆಗೆ ಅತ್ತೆಯ ಫೋನಿಗೆ ನಮ್ಮದೇ ಫೋಟೋ ವಾಪಸು ಬಂತು. ಅದರ ಮೇಲೆ ಕೆಂಪು ವೃತ್ತಗಳು! ಒಟ್ಟು ಒಂಬತ್ತು. ಒಂದೂ ಹುಡುಗನ ಮೇಲಿಲ್ಲ. ಎಲ್ಲ ಅಡಿಕೆ ಸೋಗೆಯ ಮೇಲೆ. ಕೆಳಗೆ ಬರೆದಿತ್ತು: "ಹುಡುಗ ಅಡ್ಡಿ ಇಲ್ಲ. ತೋಟಕ್ಕೆ ಹಳದಿ ರೋಗ ಹಿಡಿದಿದೆ. ನಮ್ಮ ತೋಟ ಅದರಲ್ಲೇ ಹೋಗಿ ಹನ್ನೆರಡು ವರ್ಷ ಆಯ್ತು. ಮಗಳನ್ನು ಇನ್ನೊಂದು ಹಳದಿ ತೋಟಕ್ಕೆ ಕೊಡುವ ಧೈರ್ಯ ನನಗಿಲ್ಲ. ಬೇಸರ ಮಾಡಬೇಡಿ."

"ಹಳದಿ ರೋಗವಂತೆ!" ಎಂದು ಅತ್ತೆ ಕಿರುಚಿದರು.

ನಾನು ಓಡಿಹೋಗಿ ಯಶಸ್ವಿಯ ರೆಪ್ಪೆ ಎಳೆದು ನೋಡಿದೆ.

"ಮಗುವಿಗಲ್ಲ, ತೋಟಕ್ಕೆ!"

ಅಡಿಕೆಯವರ ಮನೆಯಲ್ಲಿ ಈ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಸೋಗೆಯ ತುದಿ ಹಳದಿಗೆ ತಿರುಗಲು ಶುರುವಾದರೆ ಕೆಲವು ವರ್ಷಗಳಲ್ಲಿ ತೋಟವೇ ಸೊರಗಿ ಹೋಗುತ್ತದಂತೆ. ಮದ್ದು ಎಂಬುದು ಇಲ್ಲವಂತೆ. ಅಂಗಡಿಯಿಂದ ಬಂದ ಜಯಪ್ರಕಾಶ್ ಚಪ್ಪಲಿ ಕೂಡ ಬಿಡದೆ ತೋಟಕ್ಕೆ ಓಡಿದರು. ತೀರ್ಥರಾಮ ಅದಾಗಲೇ ಅಲ್ಲಿದ್ದ. ಅಣ್ಣತಮ್ಮಂದಿರು ಒಂದೊಂದೇ ಮರದ ಬುಡದಲ್ಲಿ ನಿಂತು ಕತ್ತೆತ್ತಿ ಕತ್ತೆತ್ತಿ ನೋಡುತ್ತ, ಕತ್ತಲಾಗುವವರೆಗೂ ನಡೆದರು.

"ಒಂದು ಸೋಗೆಯೂ ಹಳದಿ ಇಲ್ಲ. ಅವರಿಗೆ ಎಲ್ಲಿ ಕಂಡದ್ದು?" ಎನ್ನುತ್ತ ಬಂದರು ಜಯಪ್ರಕಾಶ್. "ಯಾವ ಮೂಲೆಯಲ್ಲಿ ತೆಗ್ದದ್ದು ಮಾರಾಯ್ತಿ ನೀನು ಹಿಂದಿನ ತೋಟದ ಫೋಟೋ?"

"ಅದು... ಆ ಕಡೆ" ಎಂದೆ. ಯಾವ ಕಡೆ ಎಂದು ನನಗೇ ತಿಳಿಯದು. ಕೈ ಮಾತ್ರ ಪೂರ್ವಕ್ಕೆ ತೋರಿಸಿತು.

ಮರುದಿನ ಬೆಳಿಗ್ಗೆ ಪೂರ್ವದ ತೋಟದ ಸಲಾಂ ಬಂದರು. ಕುಕ್ಕಪ್ಪನವರು ಇಲ್ಲಿಯ ಪರಿಚಯದವರೊಬ್ಬರಲ್ಲಿ ನಮ್ಮ ತೋಟದ ಬಗ್ಗೆ ವಿಚಾರಿಸಿದ್ದರಂತೆ. ಸುದ್ದಿ ಬೇಲಿ ಹಾರಿತ್ತು. ಸಲಾಂ ಅವರ ಕತ್ತು ಒಂದು ಕಡೆ ವಾಲಿತ್ತು. ಬೆಳಕು ಹರಿದಾಗಿನಿಂದ ಮೇಲೆ ನೋಡಿ ನೋಡಿ ಹಿಡಿದುಕೊಂಡಿದೆಯೆಂದರು.

"ಜಯಣ್ಣ, ನಿಮಗೆ ಹಳದಿ ಬಂದದ್ದು ಹೌದಾ? ನಮ್ಮ ನಡುವೆ ಇರುದು ಒಂದು ನೀರಿನ ತೋಡು ಮಾತ್ರ. ಗೊತ್ತಾದ ಕೂಡ್ಲೆ ಒಂದು ಮಾತು ಹೇಳ್ಬಾರ್ದಾ?"

"ಬಂದಿಲ್ಲ ಸಲಾಂ! ಬಂದ್ರೆ ಮೊದಲು ನಿಮಗೇ ಹೇಳ್ತೇನೆ."

"ಮತ್ತೆ ಫೋಟೋದಲ್ಲಿ ಉಂಟಂತಲ್ಲ?"

"ಅದೇ ನಂಗೂ ಅರ್ಥ ಆಗುದಿಲ್ಲ."

ಇಬ್ಬರೂ ಕತ್ತೆತ್ತಿಕೊಂಡು ಪೂರ್ವಕ್ಕೆ ನಡೆದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಈಗಲೇ ಹೇಳಿಬಿಡಲೇ? ಹೇಳಿದರೆ ಅತ್ತೆ ಏನೆನ್ನುತ್ತಾರೆ? ತೀರ್ಥರಾಮ ಏನೆನ್ನುತ್ತಾನೆ? ಅವನು ಏನೂ ಅನ್ನುವುದಿಲ್ಲ, ಅದೇ ಭಯ! ಬೇಡ. ಕೆಡಿಸಿದ್ದು ಆ್ಯಪ್, ಸರಿಪಡಿಸುವುದೂ ಆ್ಯಪ್. ಹಳದಿಯೇ ಸಮಸ್ಯೆಯಾದರೆ ಹಸಿರು ಮಾಡಿದರಾಯಿತು!

ಮಗಳ ಕೈಗೆ ಒಂದು ರಸ್ಕು ಕೊಟ್ಟು, ಬಾಗಿಲು ಹಾಕಿಕೊಂಡು ಕುಳಿತೆ. ಹಸಿರನ್ನು ಎಳೆದೆ. ಇನ್ನೂ ಎಳೆದೆ. ಒಂಬತ್ತು ವೃತ್ತದ ಒಂಬತ್ತು ಸೋಗೆಗಳೂ ಪಚ್ಚೆಯಾದವು. ಅತ್ತೆಯ ಫೋನಿನಲ್ಲಿ, ಅವರ ಹೆಸರಿನಲ್ಲೇ ಒಂದು ಸಾಲು ಬರೆದೆ: "ಇವತ್ತು ನಮ್ಮ ತೋಟ ಹೀಗಿದೆ ನೋಡಿ." ಕಳಿಸಿದೆ.

ನಾಲ್ಕೇ ನಿಮಿಷ! ಫೋನು ಹೊಡೆದುಕೊಂಡಿತು. ಅತ್ತೆ ಎತ್ತಿದವರೇ ಸ್ಪೀಕರಿಗೆ ಹಾಕಿದರು.

"ಅಮ್ಮಾ, ನಾನು ಕುಕ್ಕಪ್ಪ." ಅವರ ದನಿ ನಡುಗುತ್ತಿತ್ತು. "ಅದೇ ಮರ. ಅದೇ ಸಾಲು. ನಾನು ಎರಡೂ ಫೋಟೋ ಒಟ್ಟಿಗೆ ಇಟ್ಟು ನೋಡಿದೆ. ನಿನ್ನೆ ಹಳದಿ, ಇವತ್ತು ಹಸಿರು! ಎಂತ ಮದ್ದು ಬಿಟ್ಟದ್ದು ನೀವು?"

ಅತ್ತೆ ಬಾಯಿ ತೆರೆದು ನನ್ನ ಕಡೆ ನೋಡಿದರು.

"ಹನ್ನೆರಡು ವರ್ಷದಿಂದ ನಾನು ನೋಡದ ಮದ್ದಿಲ್ಲ ಅಮ್ಮಾ. ಇನ್ನೂ ಎಂಬತ್ತು ಮರ ಉಂಟು ನಂಗೆ. ನಾಳೆ ಬೆಳಿಗ್ಗೆ ಬರ್ತೇನೆ. ಮಗಳೂ ಬರ್ತಾಳೆ. ಮದುವೆ ಮಾತು ಮತ್ತೆ ಆಡುವ, ಮೊದಲು ಆ ಮದ್ದು ತೋರಿಸಿ. ಹಾಂ, ಇನ್ನೊಂದು. ಹುಡುಗನ ಮುಖ ಸ್ವಲ್ಪ ಹಸಿರು ಕಾಣ್ತದೆ. ಮದ್ದು ಬಿಡುವಾಗ ಮಾಸ್ಕ್ ಹಾಕ್ಲಿಕ್ಕೆ ಹೇಳಿ."

ಫೋನು ಇಟ್ಟರು. ಹನ್ನೊಂದು ಜನ ಬೇಡ ಅಂದದ್ದು ಒಂದು ತೂಕ. ಎಂಬತ್ತು ಮರ ಇಟ್ಟುಕೊಂಡು ಒಬ್ಬ ಮುದುಕರು ಆಸೆಯಿಂದ ಹೊರಟು ಬರುವುದು ಬೇರೆಯೇ ತೂಕ. ಆ ಸಂಜೆ ಜಗಲಿಯಲ್ಲಿ ಮೂವರನ್ನೂ ಕೂರಿಸಿ, ಯಶಸ್ವಿಯನ್ನು ಗುರಾಣಿಯಂತೆ ಎದೆಗವಚಿಕೊಂಡು, ಎಲ್ಲವನ್ನೂ ಹೇಳಿಬಿಟ್ಟೆ.

"ಎಂತ ಮಾಡ್ದೆ ಮಗಾ ನೀ!" ಎಂದರು ಅತ್ತೆ. ನನ್ನೊಡನೆ ಯಾವಾಗಲೂ ಕನ್ನಡವನ್ನೇ ಆಡುವ ಅವರು ಸಿಟ್ಟು ಬಂದಾಗ ಮಾತ್ರ ತಮ್ಮ ಮನೆಮಾತಾದ ಅರೆಭಾಷೆಗೆ ಹೊರಳುತ್ತಾರೆ.

"ಹಾಗಾದ್ರೆ ಆ ತೋಟ ಯಾರದ್ದು?" ಜಯಪ್ರಕಾಶ್ ಕೇಳಿದರು.

"ಗೊತ್ತಿಲ್ಲ. ಇಂಟರ್ನೆಟ್ಟಿಂದು."

"ಯಾರೋ ಇಂಟರ್ನೆಟ್ಟಿನವನ ತೋಟಕ್ಕೆ ಬಣ್ಣ ಬಳಿದು ನನ್ನ ತಮ್ಮನನ್ನು ಅದರ ಎದುರು ನಿಲ್ಲಿಸಿದ್ಯಾ? ಎರಡು ದಿನದಿಂದ ನಾವು ಮೂರು ಜನ ಆಕಾಶ ನೋಡಿಕೊಂಡು ತಿರುಗಿದ್ದು ಅದಕ್ಕಾ? ಸಲಾಂ ಪಾಪ ಕುತ್ತಿಗೆಗೆ ಪಟ್ಟಿ ಹಾಕ್ಲಿಕ್ಕೆ ಉಪ್ಪಿನಂಗಡಿಗೆ ಹೋಗಿದ್ದಾರೆ!"

ನಾನು ತೀರ್ಥರಾಮನ ಮುಖವನ್ನೇ ನೋಡುತ್ತಿದ್ದೆ. ಅವನು ಕತ್ತು ಉಜ್ಜಿಕೊಂಡ.

"ನಮ್ಮ ತೋಟಕ್ಕೆ ಎಂತ ಆಗ್ಲಿಲ್ಲ ಅಲ್ವಾ ಅತ್ತಿಗೆ?"

"ಇಲ್ಲ."

"ಅಷ್ಟು ಸಾಕು." ಎದ್ದು ನಾಳೆಯ ಸಿಂಪಡಣೆಗೆ ನೀಲಿ ಮೈಲುತುತ್ತು ನೆನೆಹಾಕಲು ಹೋದ. ಮಳೆ ಶುರುವಾಗುವ ಮೊದಲು ಅಡಿಕೆ ಗೊನೆಗೆ ಮದ್ದು ಬಿಟ್ಟು ಮುಗಿಸಬೇಕು. ಹೆಣ್ಣಿನ ಕಡೆಯವರು ಬರುತ್ತಾರೆಂದು ಮುಗಿಲು ಕಾಯುತ್ತದೆಯೇ? ಅವನು ಅಷ್ಟರಲ್ಲೇ ಬಿಟ್ಟಿದ್ದಕ್ಕೆ ನನಗೆ ಅಳು ಬಂತು. ಬೈದಿದ್ದರೆ ಚೆನ್ನಾಗಿತ್ತು.

ತೀರ್ಮಾನವಾದದ್ದು ಇಷ್ಟು: ಅವರು ಹನ್ನೊಂದಕ್ಕೆ ಬರುತ್ತಾರೆ. ಅಷ್ಟರೊಳಗೆ ತೀರ್ಥರಾಮ ಮಿಂದು, ಗಡ್ಡ ತೆಗೆದು, ಇಸ್ತ್ರಿ ಅಂಗಿ ತೊಟ್ಟು ಕೂರುವುದು. ಜಯಪ್ರಕಾಶ್ ಪುತ್ತೂರಿನಿಂದ ಸಿಹಿ ತರುವುದು. ಸತ್ಯ ಹೇಳುವ ಮಹಾಕಾರ್ಯ ನನ್ನದು. "ಮಾಡಿದವಳೇ ಹೇಳ್ಬೇಕು" ಎಂದು ಗಂಡನ ಆಜ್ಞೆ. ಬೆಳಿಗ್ಗೆ ಐದರಿಂದ ಬಾತ್‌ರೂಮಿನ ಕನ್ನಡಿಯ ಮುಂದೆ ಅಭ್ಯಾಸ ನಡೆಸಿದೆ: "ಮಾನ್ಯರೇ, ತಂತ್ರಜ್ಞಾನದ ಒಂದು ಸಣ್ಣ ಅಚಾತುರ್ಯದಿಂದ..." ಛೇ! "ಕುಕ್ಕಪ್ಪ ಮಾವ, ನಿಮ್ಮಲ್ಲಿ ಒಂದು ಮಾತು..." ಮತ್ತೆ ಮೊದಲಿನಿಂದ.

ಒಂಬತ್ತೂಕಾಲಿಗೇ ಗೇಟಿನಲ್ಲಿ ಜೀಪು ನಿಂತಿತು! ಜಯಪ್ರಕಾಶ್ ಪುತ್ತೂರಿನಲ್ಲಿ. ಅತ್ತೆ ಬಚ್ಚಲಿನಲ್ಲಿ. ತೀರ್ಥರಾಮ ತೋಟದಲ್ಲಿ. ಜೀಪು ಓಡಿಸಿಕೊಂಡು ಬಂದ ಹುಡುಗಿ ಇಳಿದು ನಮಸ್ಕಾರ ಮಾಡಿದಳು. ಅವಳ ಹಿಂದೆ ಯಾರೂ ಇಲ್ಲ.

"ಅಪ್ಪ ಎಲ್ಲಿ?"

"ಗೇಟಿಂದಲೇ ಸೀದಾ ತೋಟಕ್ಕೆ ಹೋದ್ರು ಅಕ್ಕ. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹೊರಟು ಕೂತಿದ್ದಾರೆ. ಮನೆಗೆ ಬಂದು ಒಂದು ಲೋಟ ನೀರು ಕುಡಿಯುವಷ್ಟು ತಾಳ್ಮೆ ಇಲ್ಲ."

ಕಿಟಕಿಯಿಂದ ನೋಡಿದೆ. ದೂರದಲ್ಲಿ ಬಿಳಿ ಪಂಚೆಯೊಂದು, ಮದ್ದು ಬಿಡುವ ಉದ್ದ ದೋಟಿಗೋಲು ಹಿಡಿದ ನೀಲಿ ಆಕೃತಿಯೊಂದು ಪಕ್ಕ ಪಕ್ಕ ನಿಂತು ಮೇಲೆ ನೋಡುತ್ತಿದ್ದವು. ಮೈಲುತುತ್ತಿನ ಮದ್ದು ಬಿಡುವವನ ತಲೆ, ಗಡ್ಡ, ರೆಪ್ಪೆ ಎಲ್ಲವೂ ನೀಲಿಯೇ. ಓಡಿ ಹೋಗಿ ಹೇಳಿಬಿಡಲೇ? ಮಗು ತೊಟ್ಟಿಲಲ್ಲಿ. ಒಲೆಯ ಮೇಲೆ ಹಾಲು. ಎದುರಿಗೆ ಹುಡುಗಿ.

"ಅಕ್ಕ, ಒಂದು ಕೇಳ್ಲಾ?" ನಿಶ್ಮಿತಾ ಅಡುಗೆಮನೆಗೇ ಬಂದಳು. ಫೋನಿನಲ್ಲಿ ನನ್ನ ಹೊನ್ನಿನ ಫೋಟೋ! ಎರಡು ಬೆರಳಿನಿಂದ ಹಿಗ್ಗಿಸಿದಳು. "ಅಪ್ಪ ಮರ ನೋಡಿದ್ರು. ನಾನು ಮನುಷ್ಯನನ್ನು ನೋಡಿದೆ. ಇವರ ಹೆಗಲ ಮೇಲೆ ಈ ನಾಲ್ಕು ಬೆರಳು ಯಾರದ್ದು?"

ನೋಡಿದೆ. ದೇವರೇ! ದೊಡ್ಡಪ್ಪ ಹೋಗಿದ್ದರು, ದೊಡ್ಡಪ್ಪನ ನಾ‌ಲ್ಕು ಬೆರಳು ತೀರ್ಥರಾಮನ ಹೆಗಲಲ್ಲೇ ಉಳಿದುಬಿಟ್ಟಿದ್ದವು! ಅದೂ ನನ್ನ ನುಣುಪು ಗುಂಡಿಯ ಕೃಪೆಯಿಂದ ನೀಳವಾಗಿ, ನಯವಾಗಿ, ಹದಿನೆಂಟರ ಹೆಣ್ಣಿನ ಬೆರಳಿನಂತೆ!

"ಯಾವಳೋ ಹುಡುಗಿಯನ್ನು ಕತ್ತರಿಸಿ ತೆಗೆದ ಹಾಗೆ ಉಂಟು. ಅಪ್ಪ ಮದ್ದಿಗೆ ಬಂದದ್ದು. ನಾನು ಬಂದದ್ದು ಈ ಬೆರಳಿನ ವಿಷಯ ಕೇಳ್ಲಿಕ್ಕೆ" ಎಂದಳು. ದನಿ ಸಣ್ಣದಾಗಿತ್ತು. ಹಾಸ್ಯಕ್ಕೆ ಕೇಳಿದ್ದಲ್ಲ.

ಐದು ಗಂಟೆಯಿಂದ ಕಲಿತ ಭಾಷಣವೆಲ್ಲ ಹಾರಿಹೋಯಿತು. ನಳ್ಳಿಯ ಸಾಲಿನ ಮೂಲ ಫೋಟೋ ತೆರೆದು ಅವಳ ಕೈಗಿತ್ತೆ. ಅವಳು ನೋಡಿದಳು. ಹಲ್ಲುಕಡ್ಡಿಯ ದೊಡ್ಡಪ್ಪನನ್ನು ನೋಡಿದಳು. ತುಟಿ ಕಚ್ಚಿದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಲು ಉಕ್ಕಿತು. ನಾನು ಹಸಿರು ಫೋಟೋದ ಕಥೆಯನ್ನೂ ಹೇಳಿದೆ. ನಗು ನಿಂತಿತು.

"ಹಾಗಾದ್ರೆ ಮದ್ದು ಇಲ್ವಾ ಅಕ್ಕ?"

"ಇಲ್ಲ ಕಣಮ್ಮ. ತಪ್ಪು ನನ್ನದು."

"ಅಪ್ಪನಿಗೆ ಹೇಗೆ ಹೇಳುದು?" ಎಂದಳು, ಕಿಟಕಿಯ ಕಡೆ ನೋಡುತ್ತ. ನಾನು ಚೆಲ್ಲಿದ ಹಾಲು ಒರೆಸತೊಡಗಿದೆ.

ಒಂದೂವರೆ ಗಂಟೆ ಕಳೆಯಿತು. ಜಯಪ್ರಕಾಶ್ ಸಿಹಿಯೊಂದಿಗೆ ಬಂದರು, ಅತ್ತೆ ಹೊಸ ಸೀರೆಯುಟ್ಟು ಬಂದರು. ಕುಕ್ಕಪ್ಪನವರು ನೀಲಿ ಆಕೃತಿಯೊಂದಿಗೆ ಅಂಗಳಕ್ಕೆ ಬಂದರು. ನಾನು ಹೋಗಿ ಅವರ ಮುಂದೆ ಕೈ ಮುಗಿದು ನಿಂತೆ.

"ಮಾವ, ಒಂದು ವಿಷಯ. ಆ ಫೋಟೋ..."

"ಗೊತ್ತಾಯ್ತು ಮಗಾ" ಎಂದರು ಅವರು, ಜಗಲಿಯ ಅಂಚಿಗೆ ಕುಳಿತು. "ಈ ಕೆಲಸದವ ಎಲ್ಲ ಹೇಳಿದ. ಎಂತ ಮದ್ದು ಬಿಟ್ಟದ್ದು ಅಂತ ಕೇಳಿದ್ದಕ್ಕೆ, 'ಹಳದಿಗೆ ಮದ್ದಿಲ್ಲ. ಇದು ಕೊಳೆರೋಗಕ್ಕೆ ಬಿಡುದು. ಫೋಟೋ ಮನೆಯಲ್ಲಿ ಫೋನಿಂದ ಮಾಡಿದ್ದು' ಅಂದ. ನಂಗೆ ಒಮ್ಮೆ ಕಾಲು ಸೋತಿತು. ಅಲ್ಲೇ ಗೋಣಿ ಹಾಸಿ ಕೂರಿಸಿದ, ಎಳನೀರಿನ ಬೊಂಡ ಕೆತ್ತಿಕೊಟ್ಟ." ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. "ಹನ್ನೆರಡು ವರ್ಷದಲ್ಲಿ ಎಷ್ಟು ಜನ ಬಂದ್ರು! ಒಬ್ಬ ಪುಡಿ ಕೊಟ್ಟ, ಒಬ್ಬ ಬಾಟ್ಲಿ ಕೊಟ್ಟ, ಒಬ್ಬ ಮಂತ್ರ ಹೇಳಿದ. ಮದ್ದಿಲ್ಲ ಅಂತ ಮುಖ ನೋಡಿ ಹೇಳಿದವ ಇವನೊಬ್ಬನೇ. ಇಂಥ ಜನ ನಿಮಗೆ ಎಲ್ಲಿ ಸಿಕ್ಕಿದ ಮಾರಾಯ್ರೆ? ಇರ್ಲಿ. ತೋಟ ಒಪ್ಪಿಗೆ ಆಯ್ತು. ಹುಡುಗನನ್ನು ಕರೀರಿ, ನೋಡುವ."

"ಹುಡುಗ ಇವನೇ" ಎಂದರು ಜಯಪ್ರಕಾಶ್.

ಕುಕ್ಕಪ್ಪನವರು ಫೋನು ತೆಗೆದರು. ಫೋಟೋ ನೋಡಿದರು. ನೀಲಿ ಮುಖ ನೋಡಿದರು. ಮತ್ತೆ ಫೋಟೋ. ಮತ್ತೆ ಮುಖ.

"ಇವನಾ? ಮತ್ತೆ ಇದರಲ್ಲಿರುವವ ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

"ಅಲ್ಲ ಮಾರಾಯ," ಅವರು ತೀರ್ಥರಾಮನನ್ನೇ ತರಾಟೆಗೆ ತೆಗೆದುಕೊಂಡರು, "ಈ ಮನೆಯ ಹುಡುಗ ಹೇಗೆ ಅಂತ ನಿನ್ನ ಹತ್ರ ಕೇಳಿದ್ದಕ್ಕೆ ಎಂತ ಹೇಳಿದ್ದು ನೀನು? 'ಅಷ್ಟೇನು ಚಂದ ಇಲ್ಲ, ಮಾತು ಬರುದಿಲ್ಲ, ಹನ್ನೊಂದು ಕಡೆಯವ್ರು ಬೇಡ ಹೇಳಿದ್ದಾರೆ' ಅಂತಲ್ವಾ? ನಾನು ಗ್ರಹಿಸಿದೆ, ಇಂಥ ಕೆಲಸದವ ತೋಟದಲ್ಲಿದ್ರೆ ಆ ಹುಡುಗನಿಗೆ ಮದುವೆ ಆಗುದು ಹೇಗೆ ಅಂತ!"

"ಕೇಳಿದ್ದಕ್ಕೆ ಹೇಳಿದೆ" ಎಂದ ತೀರ್ಥರಾಮ. ನೀಲಿಯ ಒಳಗೆ ಕಿವಿ ಕೆಂಪಾದದ್ದು ನನಗೆ ಕಂಡಿತು.

"ಜಾತಕ ಆದ್ರೂ ನಿಜದ್ದಾ, ಅದೂ ಇವರೇ ಫೋನಿನಲ್ಲಿ ಮಾಡಿದ್ದಾ?"

"ಅದು ಜೋಯಿಸರು ಬರೆದದ್ದು!" ಅತ್ತೆ ಗಾಬರಿಯಿಂದ ಆಣೆ ಇಟ್ಟರು.

ಬಾಗಿಲಿನ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿತು. ನಿಶ್ಮಿತಾ ಹೊರಗೆ ಬಂದು ತೀರ್ಥರಾಮನ ಕೈಗೆ ನೀರಿನ ಚೊಂಬು ಕೊಟ್ಟಳು. "ಅಪ್ಪಾ, ಫೋಟೋದಲ್ಲಿರುವವ ನಂಗೆ ಬೇಡ" ಎಂದಳು. "ಇವರು ಆಗಬಹುದು. ಮೊದಲು ಮುಖ ತೊಳೀಲಿ."

ಅತ್ತೆ ಸೀದಾ ದೇವರ ಕೋಣೆಗೆ ಹೋದರು. ಜಯಪ್ರಕಾಶ್ ಸಿಹಿಯ ಡಬ್ಬಿಯ ದಾರ ಬಿಚ್ಚಲಾರದೆ ಹಲ್ಲಿನಿಂದ ಕಚ್ಚಿದರು. ನಾನು ತೊಟ್ಟಿಲ ಬಳಿ ಹೋಗಿ ಸದ್ದಿಲ್ಲದೆ ಅತ್ತು ಬಂದೆ. ಮುಂದಿನ ಮಾತುಕತೆಯೆಲ್ಲ ನಾನಿಲ್ಲದೆ, ಬಹಳ ಚೆನ್ನಾಗಿ, ಯಾವ ಅವಘಡವೂ ಇಲ್ಲದೆ ಮುಗಿಯಿತು.

ಹೊರಡುವಾಗ ಕುಕ್ಕಪ್ಪನವರು ಜೀಪಿನ ಬಳಿ ನನ್ನನ್ನೊಬ್ಬಳನ್ನೇ ಕರೆದರು. ಬೈಗುಳ ಈಗ ಬಂತು ಎಂದುಕೊಂಡೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಅವರದೇ ತೋಟ. ಬೋಳಾದ ಕಾಂಡಗಳ ನಡುವೆ ಅಲ್ಲೊಂದು ಇಲ್ಲೊಂದು ಸೊರಗಿದ ಹಳದಿ ತಲೆ. ಮುಂದೆ ಪಂಚೆಯುಟ್ಟು ನಿಂತ ಅವರೇ. ನಾನು ಮಾಡಿದ ಹಳದಿ ಎಷ್ಟು ಚಂದವಾಗಿತ್ತು, ಇದು ಎಂಥದ್ದು ಎಂದು ನೋಡಿದ ಕೂಡಲೇ ತಿಳಿಯಿತು.

"ಮಗಾ, ನೀನು ಒಂದೇ ದಿನದಲ್ಲಿ ಹಸಿರು ಮಾಡಿದ್ದೀಯಲ್ಲ. ಇದನ್ನೂ ಒಮ್ಮೆ ಹಾಗೆ ಮಾಡಿ ಕೊಡು. ಮೊದಲು ಹೇಗಿತ್ತು ಅಂತ ಅಳಿಯನಿಗೆ ತೋರಿಸ್ಲಿಕ್ಕೆ."

"ಮಾಡ್ಕೊಡ್ತೀನಿ ಮಾವ" ಎಂದೆ. "ಖಂಡಿತ ಮಾಡ್ಕೊಡ್ತೀನಿ."

ಅವರು ಜೀಪು ಹತ್ತಿ ಕುಳಿತರು. ಏನೋ ಯೋಚನೆ ಬಂದು ಕಿಟಕಿಯಿಂದ ತಲೆ ಹೊರಹಾಕಿದರು.

"ಮರ ಮಾತ್ರ ಮಗಾ! ನನ್ನನ್ನು ಮುಟ್ಲೇಬೇಡ. ಮನೆಗೆ ಹೋದ್ರೆ ಹೆಂಡತಿ ಗುರ್ತ ಹಿಡಿದು ಒಳಗೆ ಬಿಡ್ಬೇಕು ನಂಗೆ."